ಆ ಕಪ್ಪು ಕಲ್ಲಿನ ಕಂಬಕ್ಕೆ ಹೆಸರಿದೆ

ಮಾನ್ಯ ಸಂಪಾದಕರೇ,

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯ ಕೊನೆಯ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಕಪ್ಪಗೆ ಮಿರಮಿರ ಮಿಂಚುವ ಒಂದು ಪುಟ್ಟ ಕಂಬ. ಮೈತುಂಬ ಒಂದರ ಮೇಲೊಂದು ಕೂತ ಪ್ರಾಣಿಗಳು. ಕೆಳಗೆ ‘ಕೆನಡಾದ ಕ್ವೀನ್ ಷಾರ್ಲೆಟ್ ದ್ವೀಪಗಳ ಆದಿವಾಸಿಗಳು ಪೂಜಿಸುವ ಮರದ ದೇವರು’ ಎಂದು ಬರೆದಿತ್ತು. ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಅದು ಮರದ್ದಲ್ಲ, ಆರ್ಜಿಲೈಟ್ ಎಂಬ ಕಲ್ಲಿನದು. ಅದನ್ನು ಯಾರೂ ಪೂಜಿಸುವುದಿಲ್ಲ. ಆ ದ್ವೀಪಗಳ ಹೆಸರು ಹೈಡಾ ಗ್ವಾಯ್ ಎಂದು ಬದಲಾಗಿಯೂ ವರ್ಷಗಳೇ ಆದವು. ಕೆತ್ತಿದವರು ಯಾರು ಅಂತ ಒಂದು ಮಾತೂ ಇರಲಿಲ್ಲ.

ಸುಮ್ನೆ ಬಿಟ್ಟುಬಿಡೋಣ ಅಂದುಕೊಂಡೆ. ಮನಸ್ಸು ಬರಲಿಲ್ಲ. ಅಂಥದೇ ಕಂಬ ಕೆತ್ತುವ ಒಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ಬಂದವಳು. ಅವರ ಮುಖ ಕಣ್ಣ ಮುಂದೆ ಬಂತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಚಿತ್ರಕಲೆ ಕಲಿಸಿದವಳು. ಮಗಳು ವ್ಯಾಂಕೂವರ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಅಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮ್ಯೂಸಿಯಂ ನೋಡಲು ಕರೆದುಕೊಂಡು ಹೋದಳು. ಅಲ್ಲಿ ಗಾಜಿನ ಕಪಾಟುಗಳ ಕೆಳಗೆ ಡ್ರಾಯರ್‌ಗಳಿವೆ. ನೋಡಲು ಬಂದವರು ತಾವೇ ಎಳೆದು ನೋಡಬಹುದು. ಒಂದನ್ನು ಎಳೆದೆ. ಒಳಗೆ ಸಾಲಾಗಿ ತಂಬಾಕು ಸೇದುವ ಕಪ್ಪು ಕೊಳವೆಗಳು, ತಟ್ಟೆಗಳು, ಅಂಗೈ ಉದ್ದದ ಕಂಬಗಳು. ಮೊದಲ ನೋಟಕ್ಕೆ ನನಗೆ ನೆನಪಾದದ್ದು ನಾನು ಒಂದನೇ ಕ್ಲಾಸಿನಲ್ಲಿ ಬರೆಯುತ್ತಿದ್ದ ಸ್ಲೇಟು. ಅದೇ ಕಪ್ಪು. ಬಟ್ಟೆ ಒದ್ದೆ ಮಾಡಿ ಒರೆಸಿದಾಗ ಬರುತ್ತಿತ್ತಲ್ಲ, ಆ ಹೊಳಪು.

ಆ ನೆನಪು ತಪ್ಪೇನಾಗಿರಲಿಲ್ಲ. ಅಲ್ಲಿನವರೂ ಇದನ್ನು ಸ್ಲೇಟ್ ಅಂತಲೇ ಕರೆಯುತ್ತಿದ್ದರು. ಆ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನ ಕೆತ್ತುವ ಆರ್ಜಿಲೈಟ್ ಎಲ್ಲ ಬರುವುದು ಅಲ್ಲಿನ ಸ್ಕಿಡಿಗೇಟ್ ಊರಿನ ಹತ್ತಿರದ ಸ್ಲೇಟ್‌ಚಕ್ ಎಂಬ ಒಂದೇ ಜಾಗದಿಂದ. ಚಕ್ ಅಂದರೆ ಆ ಕರಾವಳಿಯ ಹಳೆಯ ವ್ಯಾಪಾರದ ಭಾಷೆಯಲ್ಲಿ ನೀರು. ಸ್ಲೇಟಿನ ಹೊಳೆ ಅನ್ನಿ. ಆ ಜಾಗ ಹೈಡಾ ಜನರದು, ಕಲ್ಲು ತೆಗೆಯುವ ಹಕ್ಕೂ ಅವರದೇ.

ಮ್ಯೂಸಿಯಂನಲ್ಲಿ ನೋಡಿದ್ದು ಸಾಕಾಗಲಿಲ್ಲ. ಮಗಳಿಗೆ ಗಂಟು ಬಿದ್ದೆ. ವ್ಯಾಂಕೂವರ್‌ನಿಂದ ಸಣ್ಣ ವಿಮಾನದಲ್ಲಿ ಆ ದ್ವೀಪಗಳ ಸ್ಯಾಂಡ್‌ಸ್ಪಿಟ್‌ಗೆ ಹೋಗಿ, ಅಲ್ಲಿಂದ ಕಾರು ಹತ್ತಿಸಿಕೊಳ್ಳುವ ದೋಣಿಯಲ್ಲಿ ಸ್ಕಿಡಿಗೇಟ್ ಕಡೆಗೆ ದಾಟಿದೆವು. ಮಳೆ ಹನಿಯುತ್ತಿತ್ತು. ಸಮುದ್ರದ ದಡದಲ್ಲಿ ಹೈಡಾ ಗ್ವಾಯ್ ಮ್ಯೂಸಿಯಂ, ಅದರ ಮುಂದೆ ಆಕಾಶಕ್ಕೆ ಮುಖ ಮಾಡಿ ನಿಂತ ಆರು ದೇವದಾರು ಕಂಬಗಳು. ಮಲೆನಾಡಿನ ಜುಲೈ ತಿಂಗಳಲ್ಲಿ ಮರಗಳಿಗೆ ಪಾಚಿ ಹಿಡಿಯುತ್ತದಲ್ಲ, ಅಲ್ಲಿ ವರ್ಷವಿಡೀ ಹಾಗೇ.

ನಾನು ಹೇಳಿದ ಕಲಾವಿದರು ಸಿಕ್ಕಿದ್ದು ಅಲ್ಲೇ. ಅವರ ಹೆಸರು ಬರೆಯಲು ಅನುಮತಿ ಕೇಳಿಲ್ಲ, ಹಾಗಾಗಿ ಬರೆಯುವುದಿಲ್ಲ. ಐವತ್ತರ ಆಸುಪಾಸಿನವರು. ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರು. ನಮ್ಮಲ್ಲಿ ಬಳಪದ ಕಲ್ಲಿನ ಬಗ್ಗೆ ಹೇಳುವ ಮಾತನ್ನು ನಾನು ಅವರಿಗೆ ಹೇಳಿದೆ: ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ಹೊಯ್ಸಳರ ಶಿಲ್ಪಿಗಳಿಗೆ ಅದರಿಂದಲೇ ಅಷ್ಟು ನಾಜೂಕು ಸಾಧ್ಯವಾಯಿತು ಅಂತ. ಅವರು ತಲೆಯಾಡಿಸಿದರು. ತಮ್ಮ ಕಲ್ಲಿನ ಬಗ್ಗೆಯೂ ಹಾಗೇ ಬರೆಯುತ್ತಾರಂತೆ. ಆದರೆ ಅದು ಗಟ್ಟಿಯಾಗುವುದಕ್ಕಿಂತ ಒಣಗುವುದು ಜಾಸ್ತಿ, ಒಣಗಿದರೆ ಪದರ ಪದರವಾಗಿ ಬಿಡುತ್ತದೆ, ತಿಂಗಳುಗಟ್ಟಲೆಯ ಕೆಲಸ ಒಂದು ಬಿರುಕಿಗೆ ಹೋಗುತ್ತದೆ ಅಂದರು. ಅದಕ್ಕೇ ಆ ಒದ್ದೆ ಬಟ್ಟೆ.

ಕಲ್ಲು ಸಿಗುವ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೇ ಹತ್ತಬೇಕು. ಕಡಿದಾದ ಕಾಡುದಾರಿ, ಬಿದ್ದ ಮರಗಳು, ಕೆಸರು. ತೆಗೆದ ಕಲ್ಲನ್ನು ಬೆನ್ನ ಮೇಲೆ ಹೊತ್ತು ಇಳಿಸಬೇಕು. ಬೆನ್ನು ಎಷ್ಟು ತಡೆಯುತ್ತದೋ ಅಷ್ಟೇ ಕಲ್ಲು. ಅವರ ಉಳಿಗಳು ಮರಗೆಲಸದ ಉಳಿಗಳಂತೆಯೇ ಇದ್ದವು, ಕೆಲವನ್ನು ಅವರೇ ಮಾಡಿಕೊಂಡಿದ್ದರು. ಒಂದು ಚೂರು ಕಲ್ಲು ಕೊಟ್ಟು ‘ಗೀರಿ ನೋಡಿ’ ಅಂದರು. ಉಳಿ ತಾಗಿದಲ್ಲಿ ಬೂದು ಬಣ್ಣದ ಗೆರೆ ಎದ್ದಿತು, ನುಣ್ಣನೆಯ ಪುಡಿ ಉದುರಿತು. ಹೆಬ್ಬೆರಳಿನಿಂದ ಉಜ್ಜಿದೆ. ಗೆರೆ ಮತ್ತೆ ಕಪ್ಪಾಯಿತು. ಕೊನೆಯ ಹೊಳಪು ಬರುವುದು ಹೀಗೇ, ಕೈಯಿಂದ ಉಜ್ಜಿ ಉಜ್ಜಿ. ಬಣ್ಣ ಬಳಿಯುವುದಿಲ್ಲ.

ಈಗ ನಿಮ್ಮ ಫೋಟೊಕ್ಕೆ ಬರುತ್ತೇನೆ. ಅದರ ಕೆಳಗಿನ ಅರ್ಧದಲ್ಲಿ ಹಲ್ಲು ತೋರಿಸುತ್ತಾ ಕೂತಿರುವುದು ಕರಡಿ. ಅದರ ಮುಂಗಾಲುಗಳ ನಡುವೆ ಒಂದು ಮರಿ ಇದೆ, ಮರಿಯ ಪಕ್ಕದಲ್ಲಿ ಮನುಷ್ಯರ ಮುಖ ಇದೆ. ಮೇಲಿನ ಅರ್ಧದಲ್ಲಿ ನೇರವಾದ ಕೊಕ್ಕಿನ ಹಕ್ಕಿ. ಕೊಕ್ಕು ಕೆಳಗೆ ಬಾಗಿದ್ದರೆ ಅದು ಹದ್ದು ಆಗುತ್ತಿತ್ತು. ಇದು ನೇರ ಇದೆ, ಹಾಗಾಗಿ ರೇವನ್. ನಮ್ಮ ಊರಿನ ಕಾಗೆಗಿಂತ ತುಂಬ ದೊಡ್ಡ, ದಪ್ಪ ಕೊಕ್ಕಿನ ಕಾಗೆ. ಕೊಕ್ಕಿನಲ್ಲಿ ಒಂದು ದುಂಡನೆಯ ಬಿಲ್ಲೆ ಕಚ್ಚಿಕೊಂಡಿದೆ. ಇಷ್ಟು ಗುರುತು ಸಿಕ್ಕರೆ ಸಾಕು, ಕಂಬವನ್ನು ಓದಬಹುದು. ಮುಂದೆ ಎರಡು ದೊಡ್ಡ ಹಲ್ಲು, ಗೆರೆ ಗೆರೆಯ ಬಾಲ ಇದ್ದರೆ ಬೀವರ್. ಬೆನ್ನ ಮೇಲೆ ಎತ್ತರದ ರೆಕ್ಕೆ ಇದ್ದರೆ ಕೊಲೆಗಾರ ತಿಮಿಂಗಿಲ. ಅಗಲ ಬಾಯಿ ಇದ್ದು ಹಲ್ಲಿಲ್ಲದಿದ್ದರೆ ಕಪ್ಪೆ. ನನ್ನ ಆರು ವರ್ಷದ ಮೊಮ್ಮಗ ಎರಡೇ ದಿನದಲ್ಲಿ ಇವನ್ನೆಲ್ಲ ಕಲಿತುಬಿಟ್ಟ.

ಆ ದುಂಡನೆಯ ಬಿಲ್ಲೆ ಬೆಳಕು. ಲೋಕವೆಲ್ಲ ಕತ್ತಲಾಗಿದ್ದ ಕಾಲದಲ್ಲಿ ಒಬ್ಬ ಮುದುಕ ಬೆಳಕನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದನಂತೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ಅವನಿಗೊಬ್ಬಳು ಮಗಳು. ಕಾಗೆ ಒಂದು ಮರದ ಸೂಜಿಯೆಲೆಯಾಗಿ ನೀರಿನಲ್ಲಿ ತೇಲಿತು. ಅವಳು ನೀರಿನ ಜೊತೆ ಅದನ್ನೂ ಕುಡಿದಳು, ಬಸುರಾದಳು. ಹುಟ್ಟಿದ ಮಗು ಕಾಗೆಯೇ. ಮೊಮ್ಮಗ ಪೆಟ್ಟಿಗೆ ಬೇಕು ಅಂತ ರಚ್ಚೆ ಹಿಡಿದ. ಅಜ್ಜ ಒಂದೊಂದೇ ಪೆಟ್ಟಿಗೆ ಕೊಟ್ಟ. ಕೊನೆಗೆ ಬೆಳಕಿನ ಉಂಡೆಯೇ ಕೈಗೆ ಬಂತು. ತಕ್ಷಣ ಮಗು ಕಾಗೆಯಾಗಿ ಅದನ್ನು ಕಚ್ಚಿಕೊಂಡು ಸೂರಿನ ಹೊಗೆಗಂಡಿಯಿಂದ ಹಾರಿಹೋಯಿತು. ಮೊಮ್ಮಕ್ಕಳ ಹಟಕ್ಕೆ ಅಜ್ಜಂದಿರು ಕರಗುವುದು ಎಲ್ಲ ಕಡೆಯೂ ಒಂದೇ, ಅಲ್ವಾ?

ಕೆಳಗಿನದು ಕರಡಿ ತಾಯಿಯ ಕಥೆ. ಇದು ನನ್ನನ್ನು ಜಾಸ್ತಿ ಕಾಡಿದ್ದು. ಒಬ್ಬಳು ಹುಡುಗಿ ಕಾಡಿನಲ್ಲಿ ಹಣ್ಣು ಬಿಡಿಸುವಾಗ ಕರಡಿಯ ಲದ್ದಿ ತುಳಿದು ಜಾರಿದಳು. ಕರಡಿಗಳನ್ನು ಬಾಯಿಗೆ ಬಂದಂತೆ ಬೈದಳು. ಕರಡಿಗಳು ಕೇಳಿಸಿಕೊಂಡವು. ಮನುಷ್ಯರ ರೂಪದಲ್ಲಿ ಬಂದು ಅವಳನ್ನು ಕರೆದುಕೊಂಡು ಹೋದವು. ಅವಳು ಕರಡಿಯ ಹೆಂಡತಿಯಾದಳು, ಅವಳಿ ಮರಿಗಳನ್ನು ಹೆತ್ತಳು. ತವರಿನವರು ಹುಡುಕುತ್ತಾ ಬಂದರು. ತನ್ನ ಸಾವು ಹತ್ತಿರ ಬಂತು ಅಂತ ಗಂಡನಿಗೆ ಗೊತ್ತಾಯಿತು. ತಾನು ಸತ್ತ ಮೇಲೆ ಹಾಡಬೇಕಾದ ಹಾಡನ್ನು ಅವಳಿಗೆ ಕಲಿಸಿಕೊಟ್ಟು ಆಮೇಲೆ ಸತ್ತ. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿ 1883ರಲ್ಲಿ ಸಿಕ್ಕಿದ ಒಂದು ಆರ್ಜಿಲೈಟ್ ಬೊಂಬೆ ಇದೆ. ನಾನು ಅದರ ಚಿತ್ರ ಮಾತ್ರ ನೋಡಿದ್ದೇನೆ. ತಾಯಿ ಮಲಗಿದ್ದಾಳೆ, ಕರಡಿಮರಿ ಎದೆಹಾಲು ಕುಡಿಯುತ್ತಿದೆ. ಮರಿಯ ಹಲ್ಲು, ಉಗುರು ನೆಟ್ಟಿವೆ. ನೋವಿಗೆ ಅವಳ ತಲೆ ಹಿಂದಕ್ಕೆ ವಾಲಿದೆ. ಮಗುವನ್ನು ಅವಳು ತಳ್ಳುತ್ತಿಲ್ಲ. ಹಾಲು ಕುಡಿಸಿದ ಹೆಂಗಸರಿಗೆ ಆ ಬೊಂಬೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅದಕ್ಕೆ ದೇವರು ಅಂತ ಹೆಸರಿಟ್ಟರೆ ಆ ತಾಯಿಯ ನೋವು ಕಾಣದೇ ಹೋಗುತ್ತದೆ.

ದೇವರ ಕಂಬ ಅನ್ನುವ ಮಾತು ಹುಟ್ಟಿದ್ದು ಹೊರಗಿನಿಂದ ಬಂದವರಿಂದ. ಹೈಡಾ ಜನರಲ್ಲಿ ಎರಡು ದೊಡ್ಡ ಪಂಗಡಗಳಿವೆ, ರೇವನ್ ಮತ್ತು ಹದ್ದು. ಮಕ್ಕಳು ತಾಯಿಯ ಪಂಗಡಕ್ಕೆ ಸೇರುತ್ತಾರೆ. ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮದುವೆ ಆಚೆ ಪಂಗಡದಲ್ಲೇ ಆಗಬೇಕು. ಒಂದೊಂದು ಮನೆತನಕ್ಕೂ ತನ್ನದೇ ಗುರುತಿನ ಪ್ರಾಣಿಗಳಿವೆ, ತನ್ನದೇ ಕಥೆಗಳಿವೆ. ಮನೆಯ ಮುಂದಿನ ದೊಡ್ಡ ಕಂಬದಲ್ಲಿ ಅವನ್ನು ಕೆತ್ತುವುದು ‘ನಾವು ಯಾರು’ ಅಂತ ಹೇಳಿಕೊಳ್ಳಲು.

ಹಾಗಾದರೆ ಈ ಕಲ್ಲಿನ ಪುಟ್ಟ ಕಂಬಗಳು ಯಾಕೆ? ಮಾರಲು. ಇದನ್ನು ಮುಚ್ಚಿಡಬೇಕಾಗಿಲ್ಲ. ಸುಮಾರು 1820ರ ಹೊತ್ತಿಗೆ ಸಮುದ್ರದ ನೀರುನಾಯಿಯ ತುಪ್ಪಳದ ವ್ಯಾಪಾರ ಕುಸಿಯುತ್ತಾ ಬಂತು. ಹಡಗಿನವರಿಗೆ ಕೊಡಲು ಬೇರೇನಾದರೂ ಬೇಕಾಯಿತು. ಆಗ ಈ ಕಲ್ಲಿನಲ್ಲಿ ಹೊಗೆಕೊಳವೆ ಕೆತ್ತಲು ಶುರು ಮಾಡಿದರು. ಹೈಡಾ ಜನ ಅದಕ್ಕೂ ಮೊದಲು ತಂಬಾಕು ಬೆಳೆಯುತ್ತಿದ್ದರು, ಆದರೆ ಸೇದುತ್ತಿರಲಿಲ್ಲ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು! ಇದನ್ನು ಕೇಳಿದಾಗ ನಮ್ಮಜ್ಜಿಯ ಎಲೆಅಡಿಕೆ ಚೀಲ, ಸುಣ್ಣದ ಡಬ್ಬಿ ಎಲ್ಲ ಕಣ್ಣ ಮುಂದೆ ಬಂತು. ಆಮೇಲೆ ಕೊಳವೆಯ ಮೇಲೆ ಬಿಳಿಯರ ಹಡಗು, ಹಗ್ಗ, ಟೊಪ್ಪಿ ಹಾಕಿದ ನಾವಿಕರು ಎಲ್ಲ ಬಂದರು. ತಟ್ಟೆ, ಪೆಟ್ಟಿಗೆ, ಕೊಳಲು ಬಂದವು. ಪುಟ್ಟ ಕಂಬಗಳು ಹೆಚ್ಚಾದದ್ದು 1870ರ ನಂತರ.

ಆ ಕಾಲವನ್ನು ನೋಡಿ. 1862ರಲ್ಲಿ ವಿಕ್ಟೋರಿಯಾ ಪಟ್ಟಣಕ್ಕೆ ಹಡಗಿನಲ್ಲಿ ಸಿಡುಬು ಬಂತು. ಅಲ್ಲಿ ಬೀಡು ಬಿಟ್ಟಿದ್ದ ಮೂಲನಿವಾಸಿಗಳನ್ನು ಅಧಿಕಾರಿಗಳು ಊರಿನಿಂದ ಓಡಿಸಿದರು. ಅವರು ದೋಣಿಗಳಲ್ಲಿ ಮನೆಗೆ ಹೊರಟರು, ರೋಗ ಕರಾವಳಿಯುದ್ದಕ್ಕೂ ಹರಡಿತು. ಹತ್ತು ಸಾವಿರಕ್ಕೂ ಹೆಚ್ಚಿದ್ದರೆಂದು ಅಂದಾಜಿರುವ ಹೈಡಾ ಜನ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆರುನೂರರ ಆಸುಪಾಸಿಗೆ ಇಳಿದರು. ಊರಿಗೆ ಊರೇ ಖಾಲಿಯಾಯಿತು. ಉಳಿದವರು ಸ್ಕಿಡಿಗೇಟ್, ಮ್ಯಾಸೆಟ್ ಎಂಬ ಎರಡು ಊರಿಗೆ ಬಂದು ಸೇರಿಕೊಂಡರು. ಕಂಬ ನಿಲ್ಲಿಸುವಾಗ, ಹೆಸರು ಪಡೆಯುವಾಗ ಊರವರಿಗೆಲ್ಲ ಉಡುಗೊರೆ ಕೊಟ್ಟು ಮಾಡುತ್ತಿದ್ದ ಪಾಟ್‌ಲಾಚ್ ಎಂಬ ದೊಡ್ಡ ಸಮಾರಂಭವನ್ನು ಸರ್ಕಾರ 1885ರಿಂದ ಕಾನೂನು ಮಾಡಿ ನಿಲ್ಲಿಸಿತು. ಆ ನಿಷೇಧ ತೆರವಾದದ್ದು 1951ರಲ್ಲಿ. ದೊಡ್ಡ ಕಂಬಗಳಲ್ಲಿ ಕೆಲವು ಬಿದ್ದವು, ಕೆಲವನ್ನು ಕಡಿದರು, ಕೆಲವು ಹಡಗು ಹತ್ತಿ ದೂರದ ಮ್ಯೂಸಿಯಂಗಳಿಗೆ ಹೋದವು. ಆ ವರ್ಷಗಳಲ್ಲೇ ಮೊಳದುದ್ದದ ಕಪ್ಪು ಕಲ್ಲಿನಲ್ಲಿ ಅದೇ ಕರಡಿ, ಅದೇ ರೇವನ್, ಅದೇ ತಿಮಿಂಗಿಲ ಮತ್ತೆ ಮತ್ತೆ ಮೂಡಿದವು. ಕೊಂಡವರು ಅದನ್ನು ಪ್ರವಾಸದ ನೆನಪಿಗೆ ಅಂತ ಕೊಂಡರು. ಕೆತ್ತಿದವರಿಗೆ ಅದು ಅಂದಿನ ಊಟವೂ ಹೌದು, ತಮ್ಮ ಕಥೆಯೂ ಹೌದು.

ಆ ಕಾಲದ ದೊಡ್ಡ ಹೆಸರು ಚಾರ್ಲ್ಸ್ ಎಡೆನ್‌ಶಾ. ಹೈಡಾ ಹೆಸರು ದಾ ಆ ಹೀಗಾಂಗ್. ಹುಟ್ಟಿದ್ದು 1839ರ ಸುಮಾರಿಗೆ, ತೀರಿಕೊಂಡದ್ದು 1920ರಲ್ಲಿ. ಸಿಡುಬಿನ ಆ ವರ್ಷಗಳನ್ನು ಕಣ್ಣಾರೆ ಕಂಡವರು. ಅವರ ಹೆಂಡತಿ ಇಸಬೆಲ್ಲಾ ಬೇರಿನ ನಾರಿನಿಂದ ಟೊಪ್ಪಿ, ಬುಟ್ಟಿ ಹೆಣೆಯುತ್ತಿದ್ದರು, ಅದರ ಮೇಲೆ ಇವರು ಚಿತ್ರ ಬರೆಯುತ್ತಿದ್ದರು. ಗಂಡಹೆಂಡತಿ ಸೇರಿ ಮಾಡಿದ ಆ ಟೊಪ್ಪಿಗಳು ಈಗಲೂ ಇವೆ. ಎಡೆನ್‌ಶಾ ಒಂದೇ ಕಥೆಯನ್ನು ಮೂರು ಆರ್ಜಿಲೈಟ್ ತಟ್ಟೆಗಳಲ್ಲಿ ಕೆತ್ತಿದ್ದಾರೆ. ಲೋಕಕ್ಕೆ ಹೆಣ್ತನವನ್ನು ತರಲು ಕಾಗೆ ದೋಣಿಯಲ್ಲಿ ಹೊರಟಿತಂತೆ. ಆ ಜಾಗದ ಶಕ್ತಿ ಎಷ್ಟೆಂದರೆ, ಜೊತೆಗೆ ಬಂದ ಯಾರಿಗೂ ಹತ್ತಿರ ಹೋಗಲು ಆಗಲಿಲ್ಲ. ಕೊನೆಗೆ ಮರಕ್ಕೆ ಅಂಟಿ ಬೆಳೆಯುವ ಅಣಬೆಯ ಮೇಲೆ ಕಾಗೆ ಒಂದು ಮುಖ ಬರೆದು, ಅದನ್ನೇ ದೋಣಿಯ ಹಿಂದೆ ಹುಟ್ಟು ಹಾಕಲು ಕೂರಿಸಿತು. ಅಣಬೆಯವನಿಂದ ಕೆಲಸವಾಯಿತು. ದುಂಡನೆಯ ತಟ್ಟೆಯೊಳಗೆ ಉದ್ದನೆಯ ದೋಣಿ, ಅದರೊಳಗೆ ಇಬ್ಬರು. ಸ್ವಲ್ಪವೂ ಖಾಲಿ ಜಾಗ ಬಿಡದೆ, ಆದರೂ ಇಕ್ಕಟ್ಟು ಅನಿಸದ ಹಾಗೆ. ಜೀವನವಿಡೀ ಮಕ್ಕಳಿಗೆ ಸಂಯೋಜನೆ ಕಲಿಸಿದವಳಾಗಿ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮೂರರಲ್ಲಿ ಒಂದು ತಟ್ಟೆ ಶಿಕಾಗೋದಲ್ಲಿದೆ, ಒಂದು ಸಿಯಾಟಲ್‌ನಲ್ಲಿ, ಒಂದು ಐರ್ಲೆಂಡಿನಲ್ಲಿ.

ಎಡೆನ್‌ಶಾ ತಮ್ಮ ಕೆಲಸದ ಮೇಲೆ ಸಹಿ ಹಾಕುತ್ತಿರಲಿಲ್ಲ. ಆಗ ಸಹಿ ಹಾಕುವ ರೂಢಿ ಇರಲಿಲ್ಲ. ಊರಿನವರಿಗೆ ಕೈ ನೋಡಿದರೆ ಗೊತ್ತಾಗುತ್ತಿತ್ತು. ಹೊರಗೆ ಹೋದ ಮೇಲೆ ಗೊತ್ತಿದ್ದವರು ಯಾರೂ ಜೊತೆಗಿರಲಿಲ್ಲ. ನಾನು ಎಳೆದ ಡ್ರಾಯರ್‌ಗಳಲ್ಲಿ ಚೀಟಿಯ ಮೇಲೆ ಚೀಟಿ, ‘ಹೈಡಾ, ಕೆತ್ತಿದವರು ತಿಳಿದಿಲ್ಲ’. ನಾನು ಹಾಸನ ಜಿಲ್ಲೆಯವಳು. ಬೇಲೂರಿನಲ್ಲಿ ಮದನಿಕೆಯ ಕಾಲಡಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದನ್ನು ಮಕ್ಕಳಿಗೆ ತೋರಿಸಿ ತೋರಿಸಿ ಬೆಳೆದವಳು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಇದೆ! ಏಳುನೂರೈವತ್ತು, ಒಂಬೈನೂರು ವರ್ಷದ ಹಿಂದಿನ ಶಿಲ್ಪಿಯನ್ನು ನಾವು ಹೆಸರು ಹಿಡಿದು ಕರೆಯುತ್ತೇವೆ. ನೂರೈವತ್ತು ವರ್ಷದ ಹಿಂದೆ ಕೆತ್ತಿದವರ ಹೆಸರು ಆ ಚೀಟಿಗಳಲ್ಲಿಲ್ಲ. ಆ ಡ್ರಾಯರ್ ಮುಚ್ಚುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಹೆಸರಿನ ಮಾತು ಬಂದಿದ್ದರಿಂದ ದ್ವೀಪದ ಹೆಸರನ್ನೂ ಹೇಳಿಬಿಡುತ್ತೇನೆ. ಕ್ವೀನ್ ಷಾರ್ಲೆಟ್ ಎಂಬುದು ಇಂಗ್ಲಿಷ್ ಕಪ್ತಾನನೊಬ್ಬ ತನ್ನ ಹಡಗಿನ ಹೆಸರನ್ನೇ ದ್ವೀಪಗಳಿಗೆ ಇಟ್ಟಿದ್ದು. 2010ರಲ್ಲಿ ಸರ್ಕಾರ ಕಾನೂನಿನ ಮೂಲಕ ಹೈಡಾ ಗ್ವಾಯ್ ಎಂಬ ಹೆಸರನ್ನು ಒಪ್ಪಿತು. ಹೈಡಾ ಜನರ ದ್ವೀಪಗಳು ಅಂತ ಅರ್ಥ. ಆಗ ಒಂದು ಸಮಾರಂಭ ನಡೆಯಿತು. ಒಂದೇ ದೇವದಾರು ಹಲಗೆಯನ್ನು ಹಬೆಯಲ್ಲಿ ಬಗ್ಗಿಸಿ ಮಾಡುವ ಪೆಟ್ಟಿಗೆಗಳು ಅವರಲ್ಲಿವೆ, ಮುದುಕ ಬೆಳಕು ಬಚ್ಚಿಟ್ಟದ್ದು ಅಂಥದರಲ್ಲೇ. ಅಂಥ ಒಂದು ಪೆಟ್ಟಿಗೆಯಲ್ಲಿ ಹಳೆಯ ಇಂಗ್ಲಿಷ್ ಹೆಸರನ್ನು ಇಟ್ಟು ಗೌರವದಿಂದ ಸರ್ಕಾರಕ್ಕೆ ಹಿಂದಕ್ಕೆ ಕೊಟ್ಟರು. ಬೈಗುಳವಿಲ್ಲ, ಜಗಳವಿಲ್ಲ. ನಿಮ್ಮದು ನೀವು ತೆಗೆದುಕೊಳ್ಳಿ ಅಂತ. 2024ರ ಏಪ್ರಿಲ್‌ನಲ್ಲಿ ಆ ಇಡೀ ನೆಲ ಹೈಡಾ ಜನರದೇ ಎಂದು ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ಒಪ್ಪಂದಕ್ಕೆ ಸಹಿಯನ್ನೂ ಹಾಕಿದೆ. ಹೀಗಿರುವಾಗ ನಮ್ಮ ಪತ್ರಿಕೆಯಲ್ಲಿ ಹಳೆಯ ಹೆಸರು ಬರಬಾರದು.

ಕೆನಡಾಕ್ಕೆ ಹೋಗುವ ಓದುಗರಿಗೂ ಒಂದು ಮಾತು. ನನ್ನ ಮಗಳ ಗೆಳತಿ ಅಂಗಡಿಯೊಂದರಲ್ಲಿ ಆರ್ಜಿಲೈಟ್ ಅಂತ ಹೇಳಿದ್ದನ್ನು ನಂಬಿ ಒಂದು ಕಂಬ ಕೊಂಡಿದ್ದಳು. ಕೈಗೆ ತೆಗೆದುಕೊಂಡೆ. ತೀರಾ ಹಗುರ. ಕಲ್ಲಿನ ತಂಪಿಲ್ಲ. ಪಕ್ಕದಲ್ಲಿ ಮೇಲಿನಿಂದ ಕೆಳಗೆ ಅಚ್ಚು ಕೂಡಿದ ಗೆರೆ. ಪ್ಲಾಸ್ಟಿಕ್ಕಿನಂಥ ರಾಳವನ್ನು ಅಚ್ಚಿಗೆ ಎರೆದದ್ದು. ಬೆಟ್ಟ ಹತ್ತಿ ಕಲ್ಲು ಹೊತ್ತು ತಂದವರಿಗೆ ಅದರಿಂದ ಒಂದು ಕಾಸೂ ಹೋಗುವುದಿಲ್ಲ. ಕೊಳ್ಳುವ ಮೊದಲು ಕೆತ್ತಿದವರ ಹೆಸರು ಕೇಳಿ. ನಿಜವಾದ ಕೆಲಸ ಮಾರುವವರು ಸಂತೋಷದಿಂದ ಹೇಳುತ್ತಾರೆ. ಈಗಿನ ಹೈಡಾ ಕಲಾವಿದರು ತಮ್ಮ ಕೆಲಸಕ್ಕೆ ಸಹಿ ಹಾಕುತ್ತಾರೆ, ಮಕ್ಕಳಿಗೂ ಕಲಿಸುತ್ತಿದ್ದಾರೆ. ಎಡೆನ್‌ಶಾ ಅವರ ಮರಿಮೊಮ್ಮಗ ರಾಬರ್ಟ್ ಡೇವಿಡ್‌ಸನ್ ಹುಡುಗನಾಗಿದ್ದಾಗ ಕೆತ್ತನೆ ಶುರು ಮಾಡಿದ್ದೇ ಆರ್ಜಿಲೈಟ್‌ನಲ್ಲಿ. 1969ರಲ್ಲಿ, ಇನ್ನೂ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ, ಮ್ಯಾಸೆಟ್‌ನಲ್ಲಿ ದೊಡ್ಡ ದೇವದಾರು ಕಂಬ ನಿಲ್ಲಿಸಿದರು. ಸುಮಾರು ನೂರು ವರ್ಷಗಳಲ್ಲಿ ಆ ಊರು ಕಂಡ ಮೊದಲ ಹೊಸ ಕಂಬ ಅದು.

ಸಂಪಾದಕರೇ, ನನ್ನ ಕೋರಿಕೆ ಚಿಕ್ಕದು. ಆ ಫೋಟೊವನ್ನು ಇನ್ನೊಮ್ಮೆ ಹಾಕಿ. ಕೆಳಗೆ ಬರೆಯಬೇಕಾದ್ದನ್ನು ನಾನೇ ಬರೆದುಕೊಟ್ಟಿದ್ದೇನೆ. ಕೊನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಫೋಟೊ ಕಳಿಸಿದ ಮ್ಯೂಸಿಯಂಗೆ ನಿಮ್ಮ ಕಚೇರಿಯಿಂದ ಒಂದು ಇಮೇಲ್ ಬರೆದರೆ ತುಂಬಿಸಬಹುದು. ಅವರಿಗೂ ತಿಳಿಯದಿದ್ದರೆ ತಿಳಿದಿಲ್ಲ ಎಂದೇ ಹಾಕಿ, ಆದರೆ ಕೇಳಿದ ಮೇಲೆ ಹಾಕಿ.

‘ಆರ್ಜಿಲೈಟ್ ಕಲ್ಲಿನ ಕಂಬ. ಹೈಡಾ ಜನ, ಹೈಡಾ ಗ್ವಾಯ್. ಮೇಲೆ ಬೆಳಕು ಕದ್ದ ರೇವನ್, ಕೆಳಗೆ ಕರಡಿ ತಾಯಿಯ ಕಥೆ. ಕೆತ್ತಿದವರು: ’

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ಅರಸೀಕೆರೆ